ಥೊಡ್ಡೂ ದ್ವೀಪದಲ್ಲಿ ಆರು ರಾತ್ರಿ: ನಮಾಝ್ ತಪ್ಪಿಸದ ಕುಟುಂಬಕ್ಕೆ ಮಾಲ್ಡೀವ್ಸ್‌ನ ಒಂದು ಗೆಸ್ಟ್‌ಹೌಸ್ ಹೇಗಿತ್ತು

"ಅದು ನೂರಕ್ಕೆ ನೂರು ಮುಸ್ಲಿಮರ ದೇಶ, ಅಲ್ಲಿಗೆ ಹೋಗುವವರು ಹಲಾಲ್ ಬಗ್ಗೆ ಕೇಳುವುದೇನು ಬಂತು" ಎಂದು ಹೊರಡುವ ಮೊದಲು ಮೂವರು ನನಗೆ ಹೇಳಿದ್ದರು. ಮೂವರೂ ಮಾಲ್ಡೀವ್ಸ್‌ಗೆ ಹೋಗಿ ಬಂದವರಲ್ಲ. ಹೋಗಿ ಬಂದ ಮೇಲೆ ನಾನು ಹೇಳುವುದೇ ಬೇರೆ. ಆ ದೇಶದ ಜನರ ಬದುಕು ನಮ್ಮದೇ ದೀನಿನ (ಧರ್ಮದ) ಬದುಕು, ಆದರೆ ಅಲ್ಲಿನ ಪ್ರವಾಸದ ವ್ಯವಹಾರ ನಮ್ಮನ್ನು ಎಣಿಸಿಕೊಂಡು ಕಟ್ಟಿದ್ದಲ್ಲ. ಕೇಳಬೇಕಾದ್ದನ್ನು ನಾವೇ ಮೊದಲು ಕೇಳಿಕೊಳ್ಳಬೇಕು. ಕೇಳಿದರೆ ಮಾತ್ರ, ಕುಟುಂಬ ಸಮೇತ ಇಷ್ಟು ನೆಮ್ಮದಿಯಾಗಿ ಇರಬಹುದಾದ ಜಾಗ ನನಗೆ ಇನ್ನೊಂದು ಗೊತ್ತಿಲ್ಲ.

ನಾವು ನಾಲ್ವರು: ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗ ಮತ್ತು ಅರವತ್ತಾರು ವರ್ಷದ ನನ್ನ ಉಮ್ಮ (ತಾಯಿ). ಉಮ್ಮನಿಗೆ ಮಂಡಿನೋವು, ಕುರ್ಚಿಯಲ್ಲಿ ಕುಳಿತೇ ನಮಾಝ್. ಡಿಸೆಂಬರ್ ಕೊನೆಯ ರಜೆಯಲ್ಲಿ ಥೊಡ್ಡೂ ಎಂಬ ದ್ವೀಪದ ಎಂಟು ಕೋಣೆಗಳ ಒಂದು ಗೆಸ್ಟ್‌ಹೌಸ್‌ನಲ್ಲಿ ಆರು ರಾತ್ರಿ ತಂಗಿದೆವು. ಗೆಸ್ಟ್‌ಹೌಸ್‌ನ ಹೆಸರು ಬರೆಯುತ್ತಿಲ್ಲ. ಕೆಲವು ದೂರುಗಳೂ ಇವೆ, ಮನೆಯವರು ಒಳ್ಳೆಯವರು, ಅಂಥ ಮನೆಗಳು ಆ ದ್ವೀಪದಲ್ಲಿ ಹತ್ತಾರು ಇವೆ. ನಮ್ಮ ಅನುಭವವನ್ನು ಅಳತೆಗೋಲಾಗಿ ಇಟ್ಟುಕೊಂಡು ನೀವು ಯಾವುದನ್ನು ಬೇಕಾದರೂ ಅಳೆಯಬಹುದು.

ಮೊದಲು ರಿಸಾರ್ಟ್ ಬೇಡವೆಂದು ಏಕೆ ತೀರ್ಮಾನಿಸಿದೆವು ಎಂಬುದನ್ನು ಹೇಳಬೇಕು. ಮಾಲ್ಡೀವ್ಸ್‌ನಲ್ಲಿ ಪ್ರವಾಸೋದ್ಯಮ 1972ರಲ್ಲಿ ಆರಂಭವಾದಾಗ ರಿಸಾರ್ಟುಗಳನ್ನು ಜನವಸತಿಯಿಲ್ಲದ ದ್ವೀಪಗಳಲ್ಲಿ ಕಟ್ಟಿದರು. ಒಂದು ದ್ವೀಪಕ್ಕೆ ಒಂದೇ ರಿಸಾರ್ಟ್. ಊರಿನ ಕಾಯಿದೆ ಅಲ್ಲಿ ಬೇರೆ: ಮದ್ಯ, ಹಂದಿಮಾಂಸ ಎರಡೂ ಸಿಗುತ್ತವೆ. ಜನ ವಾಸಿಸುವ ದ್ವೀಪಗಳಲ್ಲಿ ಎರಡೂ ನಿಷಿದ್ಧ. ಇಂಥ ಊರದ್ವೀಪಗಳಲ್ಲಿ ಗೆಸ್ಟ್‌ಹೌಸ್ ತೆರೆಯಲು ಅವಕಾಶ ಸಿಕ್ಕಿದ್ದು 2009ರ ಸುಮಾರಿಗೆ. ಆ ಮೇಲೆಯೇ ನಮ್ಮಂಥ ಮಧ್ಯಮ ವರ್ಗದವರಿಗೆ ಆ ದೇಶದ ಬಾಗಿಲು ತೆರೆಯಿತು ಎನ್ನಬೇಕು. ರಿಸಾರ್ಟಿನಲ್ಲೂ ಸಿಬ್ಬಂದಿಗಾಗಿ ಮಸೀದಿ ಇರುತ್ತದೆ, ಕೇಳಿದರೆ ಅತಿಥಿಗಳೂ ಹೋಗಬಹುದು. ಆದರೆ ಒಂದೇ ಅಡುಗೆಮನೆಯಲ್ಲಿ ಎಲ್ಲವೂ ಬೇಯುವಲ್ಲಿ, ಪ್ರತಿ ಊಟಕ್ಕೂ ಇದು ಯಾವ ಬಾಣಲೆ, ಅದು ಯಾವ ಇಕ್ಕಳ ಎಂದು ವಿಚಾರಿಸುತ್ತಾ ಕೂರಲು ನನಗೆ ಮನಸ್ಸಿರಲಿಲ್ಲ. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ: ಕೆಲವು ರಿಸಾರ್ಟುಗಳು ಅತಿಥಿಗಳಿಗೆ ಸಂಜೆಯ ಬೆಳಕು ಹೆಚ್ಚು ಸಿಗಲೆಂದು ಗಡಿಯಾರವನ್ನು ರಾಜಧಾನಿ ಮಾಲೆಗಿಂತ ಒಂದು ಗಂಟೆ ಮುಂದಿಟ್ಟುಕೊಂಡಿರುತ್ತವೆ. ಮೊಬೈಲಿನ ನಮಾಝ್ ವೇಳಾಪಟ್ಟಿ ಮಾಲೆಯ ಸಮಯ ತೋರಿಸುತ್ತದೆ, ಗೋಡೆಯ ಗಡಿಯಾರ ಬೇರೆ ತೋರಿಸುತ್ತದೆ. ರಮಝಾನ್‌ನಲ್ಲಿ ಹೋಗುವವರು ಇದನ್ನು ಮರೆಯಬಾರದು.

ಬೆಂಗಳೂರಿನಿಂದ ವಿಮಾನ ಸುಮಾರು ಎರಡು ಗಂಟೆಯದು. ವೀಸಾಕ್ಕೆ ಶುಲ್ಕವಿಲ್ಲ, ಇಳಿದಲ್ಲೇ ಮುದ್ರೆ ಒತ್ತುತ್ತಾರೆ. ಹಿಂದಿರುಗುವ ಟಿಕೆಟ್ ಮತ್ತು ತಂಗುವ ಜಾಗದ ಬುಕಿಂಗ್ ಕೈಯಲ್ಲಿರಬೇಕು. ಹೊರಡುವ 96 ಗಂಟೆಗಳ ಒಳಗೆ 'ಇಮುಗಾ' ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣದ ವಿವರ ತುಂಬಬೇಕು. ಅದು ಉಚಿತ. ಅದೇ ಹೆಸರನ್ನು ಹೋಲುವ ತಾಣಗಳು ಹಣ ಕೇಳುತ್ತವೆ, ಕೊಡಬೇಡಿ. ಗಡಿಯಾರ ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿ. ಇಷ್ಟರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಹೇಳಬೇಕಾದ್ದು ಶುಕ್ರವಾರದ ಬಗ್ಗೆ. ನಾವು ಇಳಿದದ್ದು ಶುಕ್ರವಾರ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಸರ್ಕಾರಿ ಫೆರಿಗಳು ಹೆಚ್ಚಿನವು ಶುಕ್ರವಾರ ಓಡುವುದಿಲ್ಲ, ಜುಮಾದ ಹೊತ್ತಿಗೆ ಅಂಗಡಿ, ಹೋಟೆಲ್ ಎಲ್ಲ ಬಾಗಿಲು ಹಾಕುತ್ತವೆ. ಗೆಸ್ಟ್‌ಹೌಸ್‌ನವರು ನಮಗೆ ಮೊದಲು ಹೇಳಿದ್ದ ಸ್ಪೀಡ್‌ಬೋಟ್ ಬೆಳಗಿನ ಹನ್ನೊಂದಕ್ಕೆ. ಅದು ಶುಕ್ರವಾರ ಇಲ್ಲವೆಂಬುದು ಅವರಿಗೇ ನೆನಪಿರಲಿಲ್ಲ. ದೋಣಿಕಟ್ಟೆಗೆ ಬಂದು ಫೋನ್ ಮಾಡಿದಾಗ "ನಾಲ್ಕು ಗಂಟೆಗೆ ಇದೆ, ಕ್ಷಮಿಸಿ" ಎಂದರು. ಹಸಿದ ಮಗು, ಮಂಡಿನೋವಿನ ಉಮ್ಮ, ನಾಲ್ಕು ಚೀಲ. ನನಗೆ ಬಂದ ಸಿಟ್ಟು ಸಣ್ಣದಲ್ಲ. ಬುಕಿಂಗ್ ಮಾಡುವಾಗ ದಿನಾಂಕ ನೋಡಿಯೂ ವಾರ ನೋಡದಿರುವುದು ತಪ್ಪೇ.

ಆದರೆ ಆ ಐದು ಗಂಟೆ ವ್ಯರ್ಥವಾಗಲಿಲ್ಲ. ವೆಲಾನಾ ವಿಮಾನ ನಿಲ್ದಾಣದಲ್ಲಿ ನಮಾಝ್ ಕೋಣೆ ಹೆಂಗಸರಿಗೆ ಬೇರೆಯೇ ಇದೆ, ಚೊಕ್ಕಟವಾಗಿದೆ. ಉಮ್ಮ ಮತ್ತು ನಾನು ಅಲ್ಲೇ ಝುಹ್ರ್ (ಮಧ್ಯಾಹ್ನದ ನಮಾಝ್) ಮತ್ತು ಅಸರ್ (ಇಳಿಹೊತ್ತಿನದು) ಎರಡನ್ನೂ ಒಟ್ಟಿಗೆ, ಎರಡೆರಡು ರಕಅತ್‌ಗಳಾಗಿ ಮುಗಿಸಿದೆವು. ಗಂಡ ಮಗನನ್ನು ಕರೆದುಕೊಂಡು ಫೆರಿಯಲ್ಲಿ ಹತ್ತು ನಿಮಿಷದಲ್ಲಿ ಮಾಲೆ ತಲುಪಿ ಚಿನ್ನದ ಬಣ್ಣದ ಗುಮ್ಮಟದ ದೊಡ್ಡ ಜುಮಾ ಮಸೀದಿಯಲ್ಲಿ ಜಮಾಅತ್ ಸೇರಿದ. 1984ರಲ್ಲಿ ತೆರೆದ ಮಸೀದಿ ಅದು. ಮಗ ಹಿಂದಿರುಗಿ ಬಂದು ಹೇಳಿದ ಮೊದಲ ಮಾತು, "ಉಮ್ಮಾ, ಬೀದಿಯಲ್ಲಿ ಒಬ್ಬರೂ ಇರಲಿಲ್ಲ, ಎಲ್ಲರೂ ಒಳಗೇ ಇದ್ದರು."

ಇಲ್ಲಿ ಫಿಖ್‌ಹ್‌ನ (ಕರ್ಮಶಾಸ್ತ್ರದ) ಒಂದು ಮಾತು. ನಾವು ಶಾಫಿಈ ಪಂಥದವರು. ಒಂದೇ ಕಡೆ ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ಪೂರ್ತಿ ದಿನ ತಂಗುವ ನಿಯ್ಯತ್ (ಸಂಕಲ್ಪ) ಇದ್ದರೆ ಅಲ್ಲಿ ತಲುಪಿದ ಮೇಲೆ ಖಸ್ರ್ (ಪ್ರಯಾಣದಲ್ಲಿ ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸುವುದು) ಇಲ್ಲ, ಪೂರ್ತಿ ನಮಾಝ್ ಮಾಡಬೇಕು. ನಮ್ಮದು ಆರು ರಾತ್ರಿ. ಹಾಗಾಗಿ ದಾರಿಯಲ್ಲಿ ಮಾತ್ರ ಖಸ್ರ್, ಥೊಡ್ಡೂವಿನಲ್ಲಿ ಪೂರ್ತಿ. ಹನಫಿ ಪಂಥದವರ ಲೆಕ್ಕ ಹದಿನೈದು ದಿನದ್ದು. ದ್ವೀಪದಿಂದ ದ್ವೀಪಕ್ಕೆ ಹಾರುವ ಯೋಜನೆ ಹಾಕುವವರು ಹೊರಡುವ ಮೊದಲೇ ನಿಮ್ಮ ಉಸ್ತಾದರನ್ನು ಕೇಳಿಕೊಂಡರೆ ದೋಣಿಕಟ್ಟೆಯಲ್ಲಿ ನಿಂತು ಚರ್ಚೆ ಮಾಡುವ ಪ್ರಸಂಗ ಬರುವುದಿಲ್ಲ.

ಸ್ಪೀಡ್‌ಬೋಟಿಗೆ ತಲೆಗೆ 35 ಡಾಲರ್ ಕೊಟ್ಟೆವು. ಒಂದೂಕಾಲು ಗಂಟೆ. ಹಿಂದಿನ ಸಾಲಿನಲ್ಲಿ ಕೂರಿ, ಮುಂದೆ ಕುಳಿತರೆ ಅಲೆ ಎತ್ತಿ ಕುಕ್ಕುತ್ತದೆ. ಉಮ್ಮನನ್ನು ದೋಣಿಗೆ ಹತ್ತಿಸುವಾಗ ಇಬ್ಬರು ಹುಡುಗರು ಕೈ ಹಿಡಿಯುವ ಮೊದಲು ನನ್ನ ಗಂಡನ ಮುಖ ನೋಡಿದರು, ಅವನು ತಲೆಯಾಡಿಸಿದ ಮೇಲೆ ಮೊಣಕೈ ಹಿಡಿದು ಇಳಿಸಿಕೊಂಡರು. ಆ ಒಂದು ಕ್ಷಣದ ಮರ್ಯಾದೆಯಿಂದಲೇ ಅರ್ಧ ಸಿಟ್ಟು ಇಳಿಯಿತು.

ಥೊಡ್ಡೂ ಬೇರೆ ದ್ವೀಪಗಳ ಹಾಗಲ್ಲ, ಅದು ಕೃಷಿಯ ದ್ವೀಪ. ಕಲ್ಲಂಗಡಿ ಮತ್ತು ಪಪ್ಪಾಯಿಗೆ ಹೆಸರುವಾಸಿ. ಕಡಲ ತೀರದಿಂದ ಐದು ನಿಮಿಷ ಒಳಗೆ ನಡೆದರೆ ಮರಳುಮಣ್ಣಿನ ಹಾದಿಯ ಎರಡೂ ಬದಿಗೆ ಹೊಲ. ನಾವು ಹೋದಾಗ ಕಲ್ಲಂಗಡಿ ಬಳ್ಳಿ ಇನ್ನೂ ಮೊಳದುದ್ದ. ರಮಝಾನ್ ಫೆಬ್ರವರಿ ನಡುವಿಗೆ ಬರುವುದೆಂದು ಲೆಕ್ಕಹಾಕಿ ನಾಟಿ ಮಾಡಿದ್ದು ಎಂದು ಒಬ್ಬ ರೈತ ಹೇಳಿದರು. ಇಡೀ ದೇಶದ ಇಫ್ತಾರ್ ತಟ್ಟೆಗೆ ಇಲ್ಲಿಂದ ಹಣ್ಣು ಹೋಗಬೇಕು. ಚಂದ್ರಮಾನದ ತಿಂಗಳು ವರ್ಷವರ್ಷ ಹಿಂದಕ್ಕೆ ಸರಿದಂತೆ ಬಿತ್ತನೆಯೂ ಸರಿಯುತ್ತದೆ. ಮಳೆ ನೋಡಿ ಬಿತ್ತುವವರನ್ನು ಕಂಡಿದ್ದೆ, ಹಿಲಾಲ್ (ಹೊಸ ಚಂದ್ರ) ನೋಡಿ ಬಿತ್ತುವವರನ್ನು ಅಂದೇ ಕಂಡದ್ದು.

ಇನ್ನು ಗೆಸ್ಟ್‌ಹೌಸ್. ಕೋಣೆ ದೊಡ್ಡದು, ಹಾಸಿಗೆ ಗಟ್ಟಿ, ಎ.ಸಿ. ಸದ್ದಿಲ್ಲದ್ದು. ನೆಲಮಹಡಿಯ ಬಚ್ಚಲುಮನೆ ಅಲ್ಲಿನ ಹಳೆಯ ಶೈಲಿಯದು, ಇದನ್ನು 'ಗಿಫಿಲಿ' ಎನ್ನುತ್ತಾರೆ: ಸುತ್ತ ಗೋಡೆ, ಮೇಲೆ ಅರ್ಧ ಆಕಾಶ. ನೀರಿನ ಪೈಪು ಎಲ್ಲ ಶೌಚಾಲಯಗಳಲ್ಲೂ ಇದೆ, ಆ ಚಿಂತೆ ಬೇಡ. ಗಿಫಿಲಿಯಲ್ಲಿ ಕಾಲು ತೊಳೆಯಲು ಮೊಣಕಾಲೆತ್ತರದಲ್ಲಿ ಒಂದು ನಲ್ಲಿ ಮತ್ತು ಕೂರಲು ಕಲ್ಲಿನ ಕಟ್ಟೆ ಇತ್ತು. ವಾಶ್‌ಬೇಸಿನ್‌ಗೆ ಕಾಲೆತ್ತುವ ಸರ್ಕಸ್ ಇಲ್ಲದೆ ಉಮ್ಮ ಕುಳಿತು ವುಝೂ (ನಮಾಝ್‌ಗೆ ಮುನ್ನ ಕೈಕಾಲು ಮುಖ ತೊಳೆಯುವುದು) ಮಾಡಿಕೊಂಡರು. ದೊಡ್ಡ ಹೋಟೆಲುಗಳಲ್ಲೂ ನನಗೆ ಸಿಗದ ಅನುಕೂಲ ಇದು.

ಕಿಬ್ಲಾ, ಅಂದರೆ ನಮಾಝ್‌ಗೆ ಮುಖ ಮಾಡುವ ಮಕ್ಕಾದ ದಿಕ್ಕಿನ ವಿಷಯದಲ್ಲಿ ಮಾತ್ರ ಎಡವಟ್ಟಾಯಿತು. ಬುಕಿಂಗ್ ಪುಟದಲ್ಲಿ "ಕೋಣೆಯಲ್ಲಿ ಕಿಬ್ಲಾ ಗುರುತು ಇದೆ" ಎಂದು ಬರೆದಿತ್ತು. ಮೇಜಿನ ಡ್ರಾಯರ್ ಎಳೆದರೆ ಒಳಗೆ ಹಸಿರು ಬಾಣದ ಚೀಟಿ ಅಂಟಿಸಿದ್ದರು. ಮಗ್ರಿಬ್‌ಗೆ (ಸೂರ್ಯಾಸ್ತದ ನಮಾಝ್‌ಗೆ) ಅದನ್ನೇ ನಂಬಿ ನಿಂತೆವು. ಇಶಾ (ರಾತ್ರಿಯ ನಮಾಝ್) ಹೊತ್ತಿಗೆ ಗಂಡ ಮಸೀದಿಯಿಂದ ಬಂದವನು ಬಾಗಿಲಲ್ಲೇ ನಿಂತು ದಿಕ್ಕು ನೋಡಿ, "ಮಸೀದಿಯಲ್ಲಿ ನಾವು ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದೆವು, ನೀವು ಸಮುದ್ರದ ಕಡೆಗೇ ಮುಖ ಮಾಡಿದ್ದೀರಲ್ಲ" ಎಂದ. ಮೊಬೈಲಿನ ದಿಕ್ಸೂಚಿ ತೆಗೆದು ನೋಡಿದೆವು. ಮೊಬೈಲಿನ ಕವಚದಲ್ಲಿ ಅಯಸ್ಕಾಂತ ಇದ್ದರೆ ದಿಕ್ಕು ತಪ್ಪುತ್ತದೆ, ಕವಚ ತೆಗೆದು, ಕಬ್ಬಿಣದ ಮಂಚದಿಂದ ದೂರ ನಿಂತು ನೋಡಬೇಕು. ಅಲ್ಲಿ ಕಿಬ್ಲಾ ಉತ್ತರದಿಂದ ಬಲಕ್ಕೆ ಅಳೆದರೆ ಸುಮಾರು 300 ಡಿಗ್ರಿ, ಅಂದರೆ ಪಶ್ಚಿಮದಿಂದ ಉತ್ತರಕ್ಕೆ ಮೂವತ್ತು ಡಿಗ್ರಿಯಷ್ಟು ವಾಲಿಕೆ. ಮಂಗಳೂರಿನಲ್ಲಿ ಈ ವಾಲಿಕೆ ಇಪ್ಪತ್ತೂ ಇಲ್ಲ. ದಕ್ಷಿಣಕ್ಕೆ ಇಳಿದಷ್ಟೂ ಮಕ್ಕಾ ಉತ್ತರಕ್ಕೆ ಉಳಿಯುತ್ತದೆ. ಊರಿನ ಅಭ್ಯಾಸದಲ್ಲಿ ಸೂರ್ಯ ಮುಳುಗುವ ಕಡೆ ನೋಡಿ ನಿಂತರೂ ಸಾಕಾಗುವುದಿಲ್ಲ.

ಬಾಣ ತಪ್ಪಿದ್ದೇಕೆ? ಗೋಡೆಗೆ ಬಣ್ಣ ಹೊಡೆಯುವಾಗ ಮೇಜನ್ನು ಎತ್ತಿ ಎದುರು ಗೋಡೆಗೆ ಇಟ್ಟಿದ್ದರು. ಮೇಜು ತಿರುಗಿತು, ಬಾಣವೂ ತಿರುಗಿತು. ಬೆಳಿಗ್ಗೆ ಮ್ಯಾನೇಜರ್‌ಗೆ ತೋರಿಸಿದೆ. ಇಪ್ಪತ್ತೈದು ವರ್ಷದ ಹುಡುಗ, ಮುಖ ಕೆಂಪಾಯಿತು. "ಆಂಟೀ, ಎಷ್ಟು ಜನ ಹೀಗೇ ನಮಾಝ್ ಮಾಡಿ ಹೋದರೋ" ಎಂದು ತಲೆಗೆ ಕೈ ಹಚ್ಚಿಕೊಂಡ. ಮಧ್ಯಾಹ್ನದೊಳಗೆ ಎಂಟೂ ಕೋಣೆಗಳ ಡ್ರಾಯರ್ ಚೀಟಿ ಕಿತ್ತು, ಮಸೀದಿಯಲ್ಲಿ ಅಝಾನ್ ಕೂಗುವ ಮುಅಝ್ಝಿನರನ್ನೇ ಕರೆತಂದು ಚಾವಣಿಯ ಮೇಲೆ ಹೊಸ ಬಾಣ ಅಂಟಿಸಿದ. ತಪ್ಪು ತಿದ್ದಿಕೊಂಡ ಈ ವೇಗಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ನೀವು ಎಲ್ಲೇ ತಂಗಿದರೂ ಅಲುಗಾಡುವ ಪೀಠೋಪಕರಣದ ಮೇಲಿನ ಬಾಣವನ್ನು ನಂಬಬೇಡಿ.

ಊಟದ ವಿಷಯಕ್ಕೆ ಬರುತ್ತೇನೆ. ಬೆಳಗಿನ ತಿಂಡಿ 'ಮಸ್ ಹುನಿ' ಮತ್ತು 'ರೋಶಿ'. ರೋಶಿ ಎಂದರೆ ತೆಳ್ಳಗಿನ ಚಪಾತಿಯೇ. ಮಸ್ ಹುನಿ ಮಾಡುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಹಸಿಮೆಣಸು, ಉಪ್ಪು, ಲಿಂಬೆರಸ ಹಾಕಿ ಮೊದಲು ಬೆರಳಲ್ಲಿ ಚೆನ್ನಾಗಿ ಕಿವುಚಬೇಕು. ಈರುಳ್ಳಿ ನೀರು ಬಿಟ್ಟ ಮೇಲೆ ಬೇಯಿಸಿ ಬಿಡಿಸಿದ ಕೇದರ (ಟ್ಯೂನಾ) ಮೀನು, ಕೊನೆಗೆ ಆಗಷ್ಟೇ ತುರಿದ ತೆಂಗಿನಕಾಯಿ. ಒಲೆಯ ಕೆಲಸವೇ ಇಲ್ಲ. ಮೂರನೆಯ ದಿನ ಸಿಹಿಗುಂಬಳ ಬೆರೆಸಿದ ಮಸ್ ಹುನಿ ಕೊಟ್ಟರು, ಅದು ಇನ್ನೂ ರುಚಿ. ತೆಂಗಿನಕಾಯಿ ಮತ್ತು ಮೀನು ತಿಂದು ಬೆಳೆದ ಕರಾವಳಿಯವರ ನಾಲಗೆಗೆ ಇದು ಪರವೂರಿನ ಊಟವೆನ್ನಿಸುವುದೇ ಇಲ್ಲ. ಮಧ್ಯಾಹ್ನ 'ಗರುಧಿಯಾ' ಎಂಬ ತಿಳಿಯಾದ ಮೀನಿನ ಸಾರು, ಅನ್ನ, ಲಿಂಬೆ, ಮೆಣಸು. ಸಂಜೆ ಊರಿನ ಚಹಾದಂಗಡಿಯಲ್ಲಿ 'ಹೆಧಿಕಾ' ಎಂದು ಕೇಳಿ, ಗಾಜಿನ ಪೆಟ್ಟಿಗೆಯಿಂದ ಮೀನು ತುಂಬಿದ ಗುಂಡಗಿನ 'ಗುಳಾ', ಸಮೋಸದಂಥ 'ಬಜಿಯಾ' ತೆಗೆದು ಕೊಡುತ್ತಾರೆ.

ಮೀನು ತಿನ್ನುವವರೆಗೆ ಯಾವ ಪ್ರಶ್ನೆಯೂ ಇಲ್ಲ. ಕೋಳಿ ಮತ್ತು ಬೀಫ್ ಹೊರದೇಶದಿಂದ ಶೀತಲ ಪೆಟ್ಟಿಗೆಯಲ್ಲಿ ಬರುತ್ತದೆ. ಉಮ್ಮನಿಗೆ ಖಚಿತವಾಗಬೇಕಿತ್ತು, ನಾನು ಕೇಳಿದೆ. ಅಡುಗೆಯವರು ಬಾಂಗ್ಲಾದೇಶದವರು, ಮುಖ ಸಣ್ಣದು ಮಾಡಿಕೊಳ್ಳದೆ ಫ್ರೀಜರಿನಿಂದ ಪೆಟ್ಟಿಗೆಯನ್ನೇ ಎತ್ತಿ ತಂದು ಹಲಾಲ್ ಮುದ್ರೆ ತೋರಿಸಿದರು. ಕೇಳಲು ಸಂಕೋಚ ಬೇಡ. ಅವರೂ ಅದನ್ನೇ ತಿನ್ನುವವರು.

ಅಡುಗೆಯವರ ಬಗ್ಗೆ ಇನ್ನೊಂದು ಮಾತು. ಪ್ರತಿ ನಮಾಝ್‌ಗೂ ಅವರು ಹತ್ತು ನಿಮಿಷ ಅಡುಗೆಮನೆ ಮುಚ್ಚಿ ಹೋಗುತ್ತಿದ್ದರು. ಪಕ್ಕದ ಮೇಜಿನ ಯುರೋಪಿನ ದಂಪತಿ ಆರ್ಡರ್ ತಡವಾಯಿತೆಂದು ಗೊಣಗಿದರು. ನಮಗೆ ಅದೇ ಧೈರ್ಯ ಕೊಟ್ಟ ಸಂಗತಿ.

ಈಗ ಸಮುದ್ರಸ್ನಾನ. ಮುಸ್ಲಿಂ ಹೆಂಗಸರು ನನ್ನನ್ನು ಅತಿ ಹೆಚ್ಚು ಕೇಳುವುದು ಇದನ್ನೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಊರದ್ವೀಪಗಳಲ್ಲಿ ಈಜುಡುಗೆಯಲ್ಲಿ ತಿರುಗಾಡುವಂತಿಲ್ಲ. ಪ್ರವಾಸಿಗರಿಗಾಗಿ ಒಂದು ಕಡೆ ತೀರವನ್ನು ಬೇರ್ಪಡಿಸಿ 'ಬಿಕಿನಿ ಬೀಚ್' ಎಂದು ಫಲಕ ಹಾಕಿರುತ್ತಾರೆ. ಜಾಹೀರಾತಿನ ಚಿತ್ರಗಳಲ್ಲಿ ಕಾಣುವ ಬೆಳ್ಳಗಿನ ಮರಳು, ಆರಾಮಕುರ್ಚಿ ಎಲ್ಲ ಅಲ್ಲಿಯೇ. ಗಂಡ, ಮಗನೊಂದಿಗೆ ಅಲ್ಲಿಗೆ ಹೋಗಿ ಕಣ್ಣು ಎಲ್ಲಿಡುವುದೆಂದು ತಿಳಿಯದೆ ಐದೇ ನಿಮಿಷದಲ್ಲಿ ಹಿಂದಿರುಗಿದೆವು. ಗೆಸ್ಟ್‌ಹೌಸ್ ಕೊಟ್ಟ ನಕ್ಷೆಯಲ್ಲಿ ಆ ಒಂದು ತೀರ ಮಾತ್ರ ಇತ್ತು. ನನ್ನ ಎರಡನೆಯ ದೂರು ಇದು. ಊರಿನವರ ತೀರ ಬೇರೆ ಇದೆ, ಅದು ಬಂದರಿನ ಆಚೆ, ಅದನ್ನು ತೋರಿಸಿಕೊಟ್ಟದ್ದು ಗೆಸ್ಟ್‌ಹೌಸ್ ಯಜಮಾನರ ತಾಯಿ.

ಆಕೆಗೆ ದಿವೇಹಿ ಮಾತ್ರ ಬರುತ್ತದೆ, ನನ್ನ ಉಮ್ಮನಿಗೆ ಬ್ಯಾರಿ ಮತ್ತು ಕನ್ನಡ. ಸಲಾಂ, ಅಲ್‌ಹಮ್ದುಲಿಲ್ಲಾಹ್, ಇನ್‌ಶಾ ಅಲ್ಲಾಹ್ ಇಷ್ಟರಲ್ಲೇ ಇಬ್ಬರೂ ಆರು ದಿನ ಮಾತಾಡಿದರು. ಅಂಗಳದಲ್ಲಿ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ ಕುರ್ಚಿಗಳ ಸಾಲು, ಅದನ್ನು ಅವರು 'ಜೋಲಿ' ಎನ್ನುತ್ತಾರೆ. ಮಕ್ಕಳನ್ನು ಮಲಗಿಸುವ ನಮ್ಮ ಜೋಲಿಯ ಹೆಸರೇ ಎಂದು ಉಮ್ಮನಿಗೆ ಅದೇನೋ ಹಿಗ್ಗು. ಅಸರ್ ಆದ ಮೇಲೆ ಆಕೆ ಉಮ್ಮನ ಕೈ ಹಿಡಿದು, 'ಬಗ್ಗಿ' ಎಂಬ ಪುಟ್ಟ ಗಾಡಿಯಲ್ಲಿ ಕೂರಿಸಿಕೊಂಡು ಊರಿನ ತೀರಕ್ಕೆ ಕರೆದೊಯ್ದರು. ಅಲ್ಲಿ ಹೆಂಗಸರು, ಮಕ್ಕಳು ಮೈತುಂಬ ಬಟ್ಟೆಯಲ್ಲೇ ನೀರಿಗಿಳಿದಿದ್ದರು, ತಲೆವಸ್ತ್ರ ಪಿನ್ ಹಾಕಿ ಬಿಗಿದದ್ದು ಬಿಗಿದಂತೆಯೇ. ನನ್ನ ಉಮ್ಮ ಹುಟ್ಟಿದ್ದು ಕಡಲಿನಿಂದ ಎರಡು ಮೈಲಿ ದೂರದಲ್ಲಿ. ಅರವತ್ತಾರು ವರ್ಷದಲ್ಲಿ ಪಾದಕ್ಕಿಂತ ಮೇಲೆ ಸಮುದ್ರ ತಾಗಿಸಿಕೊಂಡವರಲ್ಲ. ಅಂದು ಸೊಂಟದವರೆಗೆ ನೀರಿನಲ್ಲಿ ನಿಂತರು. ಅಲೆಯಿಲ್ಲದ ನೀರು, ಕೆಳಗೆ ತಮ್ಮ ಬೆರಳುಗಳು ಕಾಣುತ್ತಿದ್ದವು, ಅವುಗಳ ನಡುವೆ ಉಗುರಿನಷ್ಟು ಮೀನುಗಳು. "ಮಂಡಿ ನೋವೇ ಇಲ್ಲ ನೋಡು" ಎಂದರು. ಆ ನಂತರ ಪ್ರತಿ ಸಂಜೆ ಅಲ್ಲಿಗೇ.

ನೀರಿನೊಳಗೆ ಹವಳ ನೋಡಲು ಕರೆದೊಯ್ಯುವ ದೋಣಿಗಳಲ್ಲಿ ಮಾರ್ಗದರ್ಶಕರು ಬಹುಮಟ್ಟಿಗೆ ಗಂಡಸರು, ಈಜು ಬಾರದವರ ಕೈ ಹಿಡಿದೇ ಎಳೆದೊಯ್ಯುತ್ತಾರೆ. ಹಿಂದಿನ ದಿನವೇ ಹೇಳಿದರೆ ಗಾಳಿ ತುಂಬಿದ ಉಂಗುರ ಕೊಡುತ್ತಾರೆ, ಹೆಂಗಸರು ಅದನ್ನು ಹಿಡಿದರೆ ಸಾಕು, ಅವರು ಹಗ್ಗ ಹಿಡಿಯುತ್ತಾರೆ. ನಾನು ಹಾಗೆ ಹೋಗಿ ಕಡಲಾಮೆಯನ್ನು ಮೂರು ಮಾರು ಕೆಳಗೆ ನೋಡಿದೆ. ಬಟ್ಟೆ ಸಡಿಲವಾಗಿದ್ದರೆ ನೀರು ತುಂಬಿ ಭಾರವಾಗುತ್ತದೆ. ಬುರ್ಕಿನಿಯ (ಮೈಪೂರ್ತಿ ಮುಚ್ಚುವ ಈಜುಡುಗೆಯ) ಮೇಲೆ ಮೊಣಕಾಲವರೆಗಿನ ಹಗುರ ಅಂಗಿ ಸರಿಯಾಯಿತು. ಊರಿಂದಲೇ ಒಯ್ಯಿರಿ, ದ್ವೀಪದ ಅಂಗಡಿಯಲ್ಲಿ ನನ್ನ ಅಳತೆ ಸಿಗಲಿಲ್ಲ. ಹವಳ, ಚಿಪ್ಪು ಹೆಕ್ಕಿ ತರಬೇಡಿ, ಮಕ್ಕಳ ಜೇಬೂ ನೋಡಿ.

ಮಸೀದಿಯಲ್ಲಿ ಹೆಂಗಸರಿಗೆ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಕೋಣೆ ಇತ್ತು. ಹೆಂಗಸರಿಗೆಂದೇ ಬೇರೆ ಪುಟ್ಟ ಮಸೀದಿ ಕಟ್ಟುವ ಹಳೆಯ ರೂಢಿಯೂ ಆ ದೇಶದಲ್ಲಿ ಇದೆ. ಸುಬಹಿಗೆ (ಮುಂಜಾನೆಯ ನಮಾಝ್‌ಗೆ) ನಾನು ಮೂರು ದಿನ ಹೋದೆ. ಐದು ಗಂಟೆಯ ಕತ್ತಲಲ್ಲಿ ಒಬ್ಬಳೇ ನಡೆದರೂ ಅಳುಕಾಗಲಿಲ್ಲ. ಭೂಮಧ್ಯರೇಖೆಗೆ ಅಷ್ಟು ಹತ್ತಿರವಿರುವುದರಿಂದ ವರ್ಷವಿಡೀ ನಮಾಝ್ ವೇಳೆ ಹೆಚ್ಚು ಏರುಪೇರಾಗುವುದಿಲ್ಲ, ಮಗ್ರಿಬ್ ಆರರ ಆಸುಪಾಸಿಗೇ. ದಿನದ ಯೋಜನೆ ಹಾಕುವುದು ಸುಲಭ. ರಮಝಾನ್‌ನಲ್ಲಿ ಹೋಗುವವರಿಗೆ ಹೇಳುವುದಾದರೆ, ಹಗಲು ಊರಿನ ಹೋಟೆಲುಗಳು ಮುಚ್ಚಿರುತ್ತವೆ. ಉಪವಾಸವಿಲ್ಲದ ಮಕ್ಕಳಿಗೆ, ಕಾಯಿಲೆಯವರಿಗೆ ಗೆಸ್ಟ್‌ಹೌಸ್ ಒಳಗೇ ಊಟದ ಏರ್ಪಾಡು ಇದೆಯೇ ಎಂದು ಬರೆಸಿಕೊಳ್ಳಿ.

ಹಣದ ಲೆಕ್ಕ ನಿಚ್ಚಳವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮೂರನೆಯ ದೂರು ಅಲ್ಲಿದೆ. ಎರಡು ಕೋಣೆ, ಒಂದಕ್ಕೆ ರಾತ್ರಿಗೆ 70 ಡಾಲರ್, ಆರು ರಾತ್ರಿಗೆ 840 ಎಂದುಕೊಂಡು ಹೋದೆವು. ಕೊನೆಯ ದಿನದ ಬಿಲ್ 1225. ಸೇವಾಶುಲ್ಕ ಶೇಕಡಾ 10, ಅದರ ಮೇಲೆ ಪ್ರವಾಸೋದ್ಯಮದ ತೆರಿಗೆ ಶೇಕಡಾ 17, ಜೊತೆಗೆ 'ಹಸಿರು ತೆರಿಗೆ'. ಈ ಹಸಿರು ತೆರಿಗೆ 2025ರ ಜನವರಿಯಿಂದ ಇಮ್ಮಡಿಯಾಗಿದೆ. ಐವತ್ತು ಕೋಣೆಗಳವರೆಗಿನ ಗೆಸ್ಟ್‌ಹೌಸ್‌ನಲ್ಲಿ ತಲೆಗೆ ದಿನಕ್ಕೆ 6 ಡಾಲರ್, ರಿಸಾರ್ಟಿನಲ್ಲಿ 12. ನಾಲ್ವರಿಗೆ ಆರು ದಿನಕ್ಕೆ ಅದೊಂದೇ 144. ಇದು ಸರ್ಕಾರದ ತೆರಿಗೆ, ಮನೆಯವರು ನುಂಗಿದ್ದಲ್ಲ. ಆದರೆ ಬುಕಿಂಗ್ ಪುಟದಲ್ಲಿ ಮೊದಲೇ ಕಾಣಿಸಬೇಕಿತ್ತು. ಒಟ್ಟು ಎಷ್ಟು ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಚಹಾದಂಗಡಿಗೆ ರುಫಿಯಾ ಬೇಕು, ಅಧಿಕೃತ ದರ ಡಾಲರಿಗೆ 15.42.

ಹಿಂದಿರುಗುವ ದಿನ ಮಾಲೆಯಲ್ಲಿ ಅರ್ಧ ದಿನ ಸಿಕ್ಕಿತು. ಹುಕುರು ಮಿಸ್ಕಿಯ್ ಎಂಬ ಹಳೆಯ ಜುಮಾ ಮಸೀದಿಯನ್ನು ಬಿಡಬೇಡಿ. 1658ರಲ್ಲಿ ಸುಲ್ತಾನ್ ಒಂದನೇ ಇಬ್ರಾಹಿಂ ಇಸ್ಕಂದರ್ ಕಟ್ಟಿಸಿದ್ದು, ಗೋಡೆಯೆಲ್ಲ ಹವಳದ ಕಲ್ಲು. ಕಲ್ಲಿಗೆ ಕಲ್ಲು ಕಚ್ಚಿ ಕೂರುವಂತೆ ಕೆತ್ತಿದ್ದಾರೆ, ಗೋಡೆಯ ಮೇಲೆ ಬೆರಳಾಡಿಸಿದರೆ ಕೆತ್ತನೆಯ ಅಂಚು ಇನ್ನೂ ಚೂಪಾಗಿದೆ. ಸುತ್ತಲಿನ ಖಬರಸ್ಥಾನದಲ್ಲಿ ತುದಿ ಚೂಪಾದ ಕಲ್ಲು ಗಂಡಸರದ್ದು, ದುಂಡಗಿನದ್ದು ಹೆಂಗಸರದ್ದು. ಒಳಗೆ ಹೋಗಿ ಬಂದ ಗಂಡ ಹೇಳಿದ್ದನ್ನು ಕೇಳಿ ನನಗೆ ಡ್ರಾಯರಿನ ಬಾಣ ನೆನಪಾಯಿತು. ಆ ಮಸೀದಿಯ ಕಟ್ಟಡವೇ ನೇರ ಪಶ್ಚಿಮಕ್ಕೆ ಮುಖ ಮಾಡಿದೆ, ಕಿಬ್ಲಾಕ್ಕಲ್ಲ. ಇಸ್ಲಾಂ ಬರುವ ಮೊದಲಿದ್ದ ಗುಡಿಯ ಅಡಿಪಾಯದ ಮೇಲೆ ಎದ್ದದ್ದೆಂದು ಹೇಳುತ್ತಾರೆ. ಹಾಗಾಗಿ ಒಳಗೆ ಸಫ್‌ಗಳ (ನಮಾಝ್‌ಗೆ ನಿಲ್ಲುವ ಸಾಲುಗಳ) ಗೆರೆಗಳನ್ನು ಕೋಣೆಯ ಮೂಲೆಯ ಕಡೆಗೆ ಓರೆಯಾಗಿ ಎಳೆದಿದ್ದಾರೆ. ಮೂರೂವರೆ ಶತಮಾನದಿಂದ ಜನ ಗೋಡೆಗೆ ಓರೆಯಾಗಿ, ಮಕ್ಕಾಕ್ಕೆ ನೇರವಾಗಿ ನಿಲ್ಲುತ್ತಿದ್ದಾರೆ.

ಬಾರ್ಕೂರು, ಮಂಗಳೂರುಗಳನ್ನು ಹಾದು ಹೋದ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತಾ ಇದೇ ಊರಿಗೆ ಬಂದು ಖಾಝಿಯಾಗಿದ್ದವರು (ನ್ಯಾಯಾಧೀಶರಾಗಿದ್ದವರು), 1343-44ರ ಸುಮಾರಿಗೆ. ಆಗ ಆಳುತ್ತಿದ್ದವಳು ಒಬ್ಬ ರಾಣಿ, ಸುಲ್ತಾನಾ ಖದೀಜಾ. ಅಷ್ಟು ದೂರದಿಂದ ಬಂದವರಿಗೆ ಇಲ್ಲಿ ಸಿಕ್ಕ ಆದರವನ್ನು ಅವರು ಬರೆದಿಟ್ಟಿದ್ದಾರೆ. ನಮ್ಮ ಕರಾವಳಿಯಿಂದ ಈ ದ್ವೀಪಗಳಿಗೆ ದಾರಿ ಹೊಸದೇನಲ್ಲ ಎಂದು ಆ ಅಂಗಳದಲ್ಲಿ ನಿಂತಾಗ ಅನ್ನಿಸಿತು.

ಹೊರಡುವಾಗ ಯಜಮಾನರ ತಾಯಿ ಉಮ್ಮನಿಗೆ ಒಂದು ಬಾಟಲಿ 'ರಿಹಾಕುರು' ಕೊಟ್ಟಿದ್ದರು. ಮೀನಿನ ಸಾರನ್ನು ಗಂಟೆಗಟ್ಟಲೆ ಕುದಿಸಿ ಬತ್ತಿಸಿದ ಕಂದು ಬಣ್ಣದ ಲೇಹ್ಯದಂಥದ್ದು. ಅದನ್ನು ಕೈಚೀಲದಲ್ಲಿ ಇಡಬೇಡಿ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆಸುತ್ತಾರೆ, ದೊಡ್ಡ ಪೆಟ್ಟಿಗೆಗೆ ಹಾಕಿ, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ.

ಮತ್ತೆ ಹೋಗುತ್ತೇವೆಯೇ ಎಂದು ಕೇಳಿದರೆ, ಹೌದು, ಅದೇ ಮನೆಗೇ. ಶುಕ್ರವಾರ ಬಿಟ್ಟು ಬೇರೆ ದಿನ ಇಳಿಯುತ್ತೇವೆ. ಬುಕಿಂಗ್ ಮಾಡುವಾಗ ನೆಲಮಹಡಿಯ ಹಿಂಬದಿಯ ಕೋಣೆಯನ್ನೇ ಕೇಳುತ್ತೇವೆ. ಮೆಟ್ಟಿಲಿಲ್ಲ, ಗಿಫಿಲಿಯಲ್ಲಿ ಕಲ್ಲಿನ ಕಟ್ಟೆ ಇರುವುದು ಅಲ್ಲಿ ಮಾತ್ರ, ಕಿಟಕಿ ತೆರೆದಿಟ್ಟರೆ ಸುಬಹಿಯ ಅಝಾನ್ ನೇರ ಹಾಸಿಗೆಗೇ ಕೇಳಿಸುತ್ತದೆ.